ಸಿಂಕ್ ಆಗಿದೆ ಅಂದರೆ ಭದ್ರವಾಗಿದೆ ಅಂತಲ್ಲ

(ಕನ್ನಡದಲ್ಲಿ ಬರೆಯುವವರು, ಮೇಷ್ಟ್ರುಗಳು, ಊರಿನ ಚರಿತ್ರೆ ಸಂಗ್ರಹಿಸುವವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಎಷ್ಟು ಜನ ವಾಟ್ಸಾಪಿನಲ್ಲಿ ತಮಗೆ ತಾವೇ ಮೆಸೇಜ್ ಕಳಿಸಿಕೊಳ್ಳುತ್ತೀರಿ? ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರೂ! ಮೊದಲು ಇದಕ್ಕಾಗಿಯೇ ಒಬ್ಬರೇ ಇರುವ ಗ್ರೂಪ್ ಮಾಡಿಕೊಳ್ಳುತ್ತಿದ್ದರು. ಜನ ಹೇಗೂ ಹೀಗೇ ಮಾಡುತ್ತಾರೆ ಅಂತ ಗೊತ್ತಾಗಿ 2022ರ ಕೊನೆಗೆ ವಾಟ್ಸಾಪೇ ಆ ಸೌಲಭ್ಯ ಕೊಟ್ಟಿತು. ದಾರಿಯಲ್ಲಿ ಹೊಳೆದ ಒಂದು ಸಾಲು, ಒಂದು ಫೋನ್ ನಂಬರು, ಶಾಸನದ ಒಂದು ಫೋಟೋ ಎಲ್ಲ ಅಲ್ಲಿಗೇ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ.

ತೊಂದರೆ ಶುರುವಾಗುವುದು ಲೇಖನ ಬರೆಯುವಾಗ. ಕಂಪ್ಯೂಟರಿನಲ್ಲಿ ಬರೆದ ಫೈಲನ್ನು ಫೋನಿಗೆ ಕಳಿಸುತ್ತೀರಿ. ಬಸ್ಸಿನಲ್ಲಿ ಕೂತು ನಾಲ್ಕು ಸಾಲು ತಿದ್ದಿ ಮತ್ತೆ ಕಂಪ್ಯೂಟರಿಗೆ ಕಳಿಸುತ್ತೀರಿ. ಕಳಿಸಿದಾಗಲೆಲ್ಲ ಹೊಸ ಕಾಪಿ. ವಾರ ಕಳೆಯುವಷ್ಟರಲ್ಲಿ 'ಫೈನಲ್', 'ಫೈನಲ್ ಹೊಸದು', 'ಫೈನಲ್ ತಿದ್ದಿದ್ದು' ಅಂತ ಮೂರು ಫೈಲು. ಸಂಪಾದಕರಿಗೆ ಹೋಗುವುದು ಸಾಮಾನ್ಯವಾಗಿ ಮೂರರಲ್ಲಿ ತಪ್ಪಾದದ್ದೇ.

ಫೈಲು ಒಂದೇ ಇರಬೇಕು. ಎಲ್ಲಿ ತೆರೆದರೂ ಹೊಸದೇ ಕಾಣಬೇಕು. ಇದಕ್ಕೆ ಸಿಂಕ್ ಅನ್ನುತ್ತೇವೆ. ಯಾವ ಆ್ಯಪ್ ಚೆನ್ನಾಗಿದೆ ಅಂತ ಕೇಳಲು ತುಂಬಾ ಜನ ಬಂದಿದ್ದೀರಿ, ಗೊತ್ತು. ಆದರೆ ನನ್ನ ಮಟ್ಟಿಗೆ ಆ್ಯಪ್ ಎರಡನೆಯ ಪ್ರಶ್ನೆ. ಬರಹ ಯಾವ ರೂಪದಲ್ಲಿದೆ, ಆ ಆ್ಯಪ್ ಇಲ್ಲದಿದ್ದರೂ ಅದು ತೆರೆಯುತ್ತದಾ ಅನ್ನುವುದು ಮೊದಲನೆಯದು. ಕನ್ನಡದಲ್ಲಿ ಬರೆಯುವ ನಮಗಂತೂ ಇದು ಇನ್ನೂ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಡ್ರಾಪ್‌ಬಾಕ್ಸ್ ಹುಟ್ಟಿದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದು ಫೈಲುಗಳನ್ನು ಸಿಂಕ್ ಮಾಡುವ ಸೇವೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಡ್ರೂ ಹೂಸ್ಟನ್ ಬಾಸ್ಟನ್‌ನಿಂದ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೊರಟಿದ್ದರು. ಪೆನ್‌ಡ್ರೈವ್ ಮನೆಯಲ್ಲೇ ಉಳಿದಿತ್ತು. ಆ ಕಿರಿಕಿರಿಯಲ್ಲೇ ಪ್ರೋಗ್ರಾಮ್ ಬರೆಯಲು ಕೂತರು. 2007ರಲ್ಲಿ ಕಂಪನಿ, 2008ರಲ್ಲಿ ಎಲ್ಲರಿಗೂ ಸೇವೆ. ಕಥೆ ಸೊಗಸಾಗಿದೆ. ಆದರೆ ಇದರ ಹಿಂದಿನ ಕಷ್ಟದ ಪ್ರಶ್ನೆಯನ್ನು ಅದಕ್ಕೂ 20 ವರ್ಷ ಮೊದಲೇ ಕೈಗೆತ್ತಿಕೊಂಡವರು ಮಹದೇವ್ ಸತ್ಯನಾರಾಯಣನ್. ಮದ್ರಾಸ್ ಐಐಟಿಯಲ್ಲಿ ಓದಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದವರು. 1987ರಲ್ಲಿ ಅವರ ತಂಡ ಕೋಡಾ ಅನ್ನುವ ವ್ಯವಸ್ಥೆ ಕಟ್ಟಲು ಶುರು ಮಾಡಿತು. ಪ್ರಶ್ನೆ ಇದು: ನೆಟ್‌ವರ್ಕ್ ಕಡಿದುಹೋದಾಗಲೂ ಕೆಲಸ ನಡೆಯಬೇಕು, ಮತ್ತೆ ಸಿಕ್ಕಾಗ ಎಲ್ಲ ಒಂದಾಗಬೇಕು. ಹೇಗೆ?

ಅವರು ಕೆಲಸವನ್ನು ಮೂರು ಹಂತ ಮಾಡಿದರು. ನೆಟ್‌ವರ್ಕ್ ಇರುವಾಗ ಬೇಕಾಗಬಹುದಾದ ಫೈಲುಗಳನ್ನು ಮೊದಲೇ ತಂದಿಟ್ಟುಕೊಳ್ಳುವುದು. ಇಲ್ಲದಾಗ ಆ ಕಾಪಿಯ ಮೇಲೇ ಕೆಲಸ ಮಾಡುತ್ತ, ಏನೇನು ಬದಲಾಯಿತು ಅಂತ ಪಟ್ಟಿ ಇಡುವುದು. ಸಿಕ್ಕಾಗ ಆ ಪಟ್ಟಿಯನ್ನು ಸರ್ವರಿಗೆ, ಅಂದರೆ ಎಲ್ಲರ ಫೈಲು ಇಟ್ಟುಕೊಂಡಿರುವ ಕೇಂದ್ರದ ಕಂಪ್ಯೂಟರಿಗೆ, ಒಪ್ಪಿಸುವುದು. ಇವತ್ತು ನೀವು ಗೂಗಲ್ ಡಾಕ್ಸಿನಲ್ಲಿ 'ಆಫ್‌ಲೈನ್' ಆನ್ ಮಾಡಿಕೊಂಡು ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಇಲ್ಲದೆಯೂ ಬರೆಯುತ್ತೀರಲ್ಲ, ನಡೆಯುವುದು ಇದೇ ಮೂರು ಹಂತ.

ಫೈಲಿನಲ್ಲಿ ಒಂದು ಸಾಲು ಬದಲಾದರೆ ಇಡೀ ಫೈಲನ್ನು ಮತ್ತೆ ಕಳಿಸಬೇಕಾ? ಬೇಡ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಆರ್‌ಸಿಂಕ್ ಅನ್ನುವ ಸಲಕರಣೆ ಕೊಟ್ಟರು. ಎರಡು ಕಡೆಯ ಫೈಲನ್ನೂ ತುಂಡು ತುಂಡಾಗಿ ನೋಡಿ, ಪ್ರತಿ ತುಂಡಿಗೂ ಒಂದು ಗುರುತಿನ ಸಂಖ್ಯೆ ಲೆಕ್ಕ ಹಾಕಿ, ಸಂಖ್ಯೆ ಹೊಂದದ ತುಂಡನ್ನು ಮಾತ್ರ ಕಳಿಸುವುದು ಅದರ ಉಪಾಯ. ಡ್ರಾಪ್‌ಬಾಕ್ಸ್ ಕೂಡ ಫೈಲುಗಳನ್ನು 4 ಎಂಬಿ ತುಂಡುಗಳಾಗಿ ಒಡೆದು ಹೀಗೇ ಗುರುತು ಹಾಕುತ್ತದೆ.

ಇನ್ನು ನಿಜವಾದ ತಲೆನೋವು. ಒಂದೇ ಫೈಲನ್ನು ಫೋನಿನಲ್ಲೂ ತಿದ್ದಿದಿರಿ, ಫೋನಿಗೆ ನೆಟ್ ಬರುವ ಮೊದಲೇ ಕಂಪ್ಯೂಟರಿನಲ್ಲೂ ತಿದ್ದಿದಿರಿ. ಯಾವುದು ಸರಿ? ಯಂತ್ರಕ್ಕೆ ಗೊತ್ತಾಗುವುದಿಲ್ಲ. ಡ್ರಾಪ್‌ಬಾಕ್ಸ್ ಎರಡನ್ನೂ ಉಳಿಸುತ್ತದೆ. ಒಂದರ ಹೆಸರಿಗೆ 'ಕಾನ್‌ಫ್ಲಿಕ್ಟೆಡ್ ಕಾಪಿ' ಅಂತ ಸೇರಿಸುತ್ತದೆ. ಆ ಹೆಸರು ಕಂಡರೆ ಗಾಬರಿಯಾಗಿ ಅಳಿಸಬೇಡಿ. ಎರಡನ್ನೂ ತೆರೆದು ನೋಡಿ. ನಿಮ್ಮ ಒಂದು ಸಂಜೆಯ ಕೆಲಸ ಅದರಲ್ಲಿ ಇರಬಹುದು. ಎಲ್ಲ ಆ್ಯಪ್‌ಗಳೂ ಇಷ್ಟು ಸಭ್ಯವಾಗಿ ನಡೆದುಕೊಳ್ಳುವುದಿಲ್ಲ. ಕೆಲವು ಆ್ಯಪ್‌ಗಳು ಕೊನೆಯಲ್ಲಿ ಸೇವ್ ಆದದ್ದನ್ನೇ ಇಟ್ಟುಕೊಂಡು ಮೊದಲಿನದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಹಾಗಾಗಿ ಒಂದು ಕಡೆ ಮುಚ್ಚಿ, ಸಿಂಕ್ ಆಗಲು ಒಂದು ನಿಮಿಷ ಬಿಟ್ಟು, ಇನ್ನೊಂದು ಕಡೆ ತೆರೆಯಿರಿ.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಬ್ಯಾಕಪ್ ಅಂದರೆ ಬೇರೆಯಾಗಿ ತೆಗೆದಿಟ್ಟ ಕಾಪಿ. ಸಿಂಕ್ ಅನ್ನುವುದು ಕಾಲುವೆ ಇದ್ದ ಹಾಗೆ. ಮೇಲೆ ನೀರು ತಿಳಿಯಾಗಿದ್ದರೆ ಕೆಳಗೂ ತಿಳಿ, ಮೇಲೆ ಕೆಸರು ಬಿದ್ದರೆ ಕೆಳಗಿನ ಗದ್ದೆಗೂ ಕೆಸರೇ. ಫೋನಿನಲ್ಲಿ ಮೊಮ್ಮಗ ಒಂದು ಫೋಲ್ಡರ್ ಅಳಿಸಿದರೆ ಕಂಪ್ಯೂಟರಿನಲ್ಲೂ ಹೋಯಿತು, ಕ್ಲೌಡಿನಲ್ಲೂ (ಅಂದರೆ ಕಂಪನಿಯ ಕಂಪ್ಯೂಟರುಗಳಲ್ಲೂ) ಹೋಯಿತು. ವೈರಸ್ ಬಂದು ಫೈಲುಗಳನ್ನು ಕೆಡಿಸಿದರೆ ಕೆಟ್ಟ ಫೈಲೇ ಎಲ್ಲ ಕಡೆ ತಲುಪುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅಳಿಸಿದ್ದು 30 ದಿನ ಇರುತ್ತದೆ. ಡ್ರಾಪ್‌ಬಾಕ್ಸಿನ ಉಚಿತ ಖಾತೆಯಲ್ಲೂ 30 ದಿನ. ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಫೋಲ್ಡರ್ ಆಗಿದ್ದರೆ 30 ದಿನ ಏನಕ್ಕೂ ಸಾಲದು, ಅಲ್ವಾ?

ದೊಡ್ಡ ಕಂಪನಿ ಅಂತ ಪೂರ್ತಿ ನಿಶ್ಚಿಂತೆ ಬೇಡ. 2023ರ ನವೆಂಬರಿನಲ್ಲಿ ಗೂಗಲ್ ಡ್ರೈವಿನ ಕಂಪ್ಯೂಟರ್ ಆ್ಯಪಿನ 84ನೇ ಆವೃತ್ತಿಯಲ್ಲಿ ದೋಷ ಇತ್ತು. ಕೆಲವರ ಫೈಲುಗಳು ಕಾಣೆಯಾದವು. ಗೂಗಲ್ ಅದನ್ನು ಒಪ್ಪಿಕೊಂಡು, ಆಮೇಲೆ ಮರಳಿ ಪಡೆಯುವ ದಾರಿ ಕೊಟ್ಟಿತು. ಇಂಥದ್ದು ದಿನಾ ಆಗುವುದಿಲ್ಲ. ಆದರೆ ಆಗುತ್ತದೆ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಒಂದು ಲೆಕ್ಕ ಇದೆ: 3-2-1. ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು. ಮುಗಿಯಿತು. ಹಾರ್ಡ್‌ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡಬೇಡಿ. ತಿಂಗಳಿಗೊಮ್ಮೆ ಕಾಪಿ ಮಾಡಿ ಬಿಚ್ಚಿಡಿ.

ಉಚಿತ ಜಾಗದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗೂಗಲ್ 15 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ, ಮೈಕ್ರೋಸಾಫ್ಟಿನ ಒನ್‌ಡ್ರೈವ್ 5, ಆಪಲ್‌ನ ಐಕ್ಲೌಡ್ 5. ಗೂಗಲ್ಲಿನ 15 ಜಾಸ್ತಿ ಅನ್ನಿಸುತ್ತದೆ. ಆದರೆ ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಫೋಟೋಗಳೂ ಲೆಕ್ಕಕ್ಕೆ ಬಂದವು. 2024ರ ಹೊತ್ತಿಗೆ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಬಂತು. ಅಂದರೆ ಗುಡ್ ಮಾರ್ನಿಂಗ್ ಹೂವುಗಳು ನಿಮ್ಮ ಸಂಶೋಧನಾ ಪ್ರಬಂಧದ ಜಾಗ ತಿನ್ನುತ್ತಿವೆ. ತುಂಬಿದರೆ ಡ್ರೈವಿಗೆ ಹೊಸದು ಏರುವುದಿಲ್ಲ, ಜಿಮೇಲಿಗೆ ಮೇಲ್ ಬರುವುದೂ ನಿಲ್ಲುತ್ತದೆ. ಬರಹ ಎಷ್ಟಿದ್ದರೂ ಚಿಕ್ಕದೇ. ಜಾಗ ನುಂಗುವುದು ವಿಡಿಯೋ. ವಾಟ್ಸಾಪ್ ಬ್ಯಾಕಪ್ಪಿನಲ್ಲಿ ವಿಡಿಯೋ ಬಿಡುವಂತೆ ಸೆಟ್ಟಿಂಗ್ ಇದೆ, ಇವತ್ತೇ ಮಾಡಿಕೊಳ್ಳಿ.

ಇನ್ನು ನೋಟ್ಸ್ ಆ್ಯಪ್‌ಗಳು. ಇಲ್ಲಿ ಎವರ್‌ನೋಟ್ ಕಥೆ ಹೇಳಲೇಬೇಕು. 2008ರಲ್ಲಿ ಬಂದ ಆ ಆ್ಯಪ್ ಬರಹಗಾರರಿಗೆ, ಪತ್ರಕರ್ತರಿಗೆ ಬಹಳ ಇಷ್ಟವಾಗಿತ್ತು. ಆನೆಯ ತಲೆಯ ಗುರುತು, 'ಎಲ್ಲವನ್ನೂ ನೆನಪಿಡುತ್ತೇವೆ' ಅನ್ನುವ ಧಾಟಿ. ಜನ ಸಾವಿರಗಟ್ಟಲೆ ಟಿಪ್ಪಣಿ ತುಂಬಿದರು. 2016ರಲ್ಲಿ ಉಚಿತ ಖಾತೆಯನ್ನು ಎರಡೇ ಸಾಧನಕ್ಕೆ ಸೀಮಿತ ಮಾಡಿದರು. ಆಮೇಲೆ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಅದನ್ನು ಕೊಂಡಿತು. 2023ರ ಡಿಸೆಂಬರಿನಿಂದ ಉಚಿತ ಖಾತೆಯಲ್ಲಿ 50 ಟಿಪ್ಪಣಿ, ಒಂದು ನೋಟ್‌ಬುಕ್ ಮಾತ್ರ. ಹಳೆಯದನ್ನು ಕಿತ್ತುಕೊಳ್ಳಲಿಲ್ಲ, ಅದು ನಿಜ. ಆದರೆ ಹೊಸದನ್ನು ಸೇರಿಸಬೇಕಾದರೆ ದುಡ್ಡು ಕೊಡಿ. ಕಂಪನಿ ಬದುಕಬೇಕಲ್ಲ, ಅವರನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಟಿಪ್ಪಣಿ ಅವರ ಆ್ಯಪಿನೊಳಗೆ ಮಾತ್ರ ಇತ್ತು ಅನ್ನುವುದು ನನ್ನ ತಕರಾರು.

ಗೂಗಲ್ ಕೀಪ್ ಕೂಡ ಹಾಗೇ. 2013ರಿಂದ ಇದೆ, ಚೆನ್ನಾಗಿದೆ. ಅಂಗಡಿ ಪಟ್ಟಿಗೆ, ಥಟ್ಟನೆ ಹೊಳೆದದ್ದಕ್ಕೆ ನಾನೂ ಬಳಸುತ್ತೇನೆ. ಆದರೆ ಕೀಪಿನ ಟಿಪ್ಪಣಿ ಒಂದು ಫೈಲಾಗಿ ನಿಮ್ಮ ಡ್ರೈವಿನಲ್ಲಿ ಕೂತಿರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹೊರತೆಗೆಯಲು ಗೂಗಲ್ ಟೇಕ್‌ಔಟ್‌ಗೆ ಹೋಗಬೇಕು. ಇನ್ನೊಂದು ತಮಾಷೆ ನೋಡಿ. ಕಂಪ್ಯೂಟರಿನ ಡ್ರೈವ್ ಫೋಲ್ಡರಿನಲ್ಲಿ ಗೂಗಲ್ ಡಾಕ್ಸ್ ಫೈಲುಗಳು ಕಾಣುತ್ತವೆ. ಅವುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು 'ಬ್ಯಾಕಪ್ ಆಯ್ತು' ಅಂತ ನೆಮ್ಮದಿಯಾಗಿ ಮಲಗುವವರಿದ್ದಾರೆ. ಆ ಫೈಲಿನೊಳಗೆ ನಿಮ್ಮ ಬರಹದ ಒಂದಕ್ಷರವೂ ಇರುವುದಿಲ್ಲ. ಇರುವುದು ಗೂಗಲ್ಲಿನ ಕಡೆಗೆ ಕೈ ತೋರಿಸುವ ಲಿಂಕ್ ಮಾತ್ರ. ನಿಜವಾದ ಕಾಪಿ ಬೇಕಾದರೆ ವರ್ಡ್ ರೂಪದಲ್ಲೋ ಟೆಕ್ಸ್ಟ್ ರೂಪದಲ್ಲೋ ಡೌನ್‌ಲೋಡ್ ಮಾಡಬೇಕು. ಒನ್‌ಡ್ರೈವಿನಲ್ಲೂ ಇದರ ತಮ್ಮನೊಬ್ಬ ಇದ್ದಾನೆ. ಫೈಲಿನ ಪಕ್ಕ ಮೋಡದ ಚಿತ್ರ ಇದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಹಳ್ಳಿಗೆ ಹೊರಡುವ ಮೊದಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಸದಾ ಈ ಕಂಪ್ಯೂಟರಿನಲ್ಲೇ ಇಡು ಅನ್ನುವ ಆಯ್ಕೆ ಒತ್ತಿಕೊಳ್ಳಿ.

ಹಾಗಾದರೆ ಏನು ಬಳಸಬೇಕು? ಬರಿಯ ಟೆಕ್ಸ್ಟ್ ಫೈಲ್. ಬೇಕಾದರೆ ಮಾರ್ಕ್‌ಡೌನ್. ಅಂದರೆ ಅದೇ ಟೆಕ್ಸ್ಟ್ ಫೈಲಿನಲ್ಲಿ ತಲೆಬರಹಕ್ಕೆ ಒಂದು ಗುರುತು, ದಪ್ಪ ಅಕ್ಷರಕ್ಕೆ ಒಂದು ಗುರುತು ಹಾಕುವ ಪದ್ಧತಿ. 2004ರಲ್ಲಿ ಜಾನ್ ಗ್ರೂಬರ್ ಮಾಡಿದ್ದು. ಅಬ್ಸಿಡಿಯನ್ ಅನ್ನುವ ಆ್ಯಪ್ ನಿಮ್ಮ ಫೋಲ್ಡರಿನಲ್ಲಿ ಇಂಥ ಫೈಲುಗಳನ್ನೇ ಇಡುತ್ತದೆ. ನಾಳೆ ಆ ಆ್ಯಪ್ ಇಲ್ಲವಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಜಾಪ್ಲಿನ್ ಅನ್ನುವುದು ಉಚಿತ, ಮುಕ್ತ ತಂತ್ರಾಂಶ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಇದೆ, ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್ ಮೂಲಕ ಸಿಂಕ್ ಆಗುತ್ತದೆ. ಎಲ್ಲ ಟಿಪ್ಪಣಿಗಳನ್ನೂ ಒಂದೇ ಸಲಕ್ಕೆ ಮಾರ್ಕ್‌ಡೌನ್ ಫೈಲುಗಳಾಗಿ ಹೊರತೆಗೆಯಬಹುದು. ಹೊಸದಾಗಿ ಶುರು ಮಾಡುವವರಿಗೆ ನಾನು ಜಾಪ್ಲಿನ್ ಹೇಳುತ್ತೇನೆ. ನೋಡಲು ಅಂಥ ಚಂದ ಇಲ್ಲ, ಪರವಾಗಿಲ್ಲ.

ಈಗ ಕನ್ನಡದ ವಿಷಯ. ನಾನು ಇಲ್ಲಿಗೆ ಬಂದದ್ದೇ ಇದಕ್ಕೆ.

ನಿಮ್ಮಲ್ಲಿ ಬಹಳ ಜನರ ಹಳೆಯ ಲೇಖನಗಳು 'ನುಡಿ' ಅಥವಾ 'ಬರಹ' ಅನ್ನುವ ತಂತ್ರಾಂಶದಲ್ಲಿವೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ. ಇವು ಇಲ್ಲದಿದ್ದರೆ ಒಂದು ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡವನ್ನೇ ಬರೆಯುತ್ತಿರಲಿಲ್ಲ. ಆದರೆ ಆಗಿನ ಫೈಲುಗಳಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಅವುಗಳಿಗೆ ಕನ್ನಡದ ವೇಷ ಹಾಕುತ್ತಿದ್ದುದು ಫಾಂಟು. ಅದೇ ಫೈಲನ್ನು ಡ್ರೈವಿಗೆ ಹಾಕಿ ಫೋನಿನಲ್ಲಿ ತೆರೆದರೆ, ಫೋನಿನಲ್ಲಿ ಆ ಫಾಂಟಿಲ್ಲ. ತಲೆ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಸಿಂಕ್ ಸರಿಯಾಗೇ ಆಗಿದೆ. ಓದಲು ಆಗುವುದಿಲ್ಲ, ಹುಡುಕಲೂ ಆಗುವುದಿಲ್ಲ. ಡ್ರೈವಿನಲ್ಲಿ 'ಹೊಯ್ಸಳ' ಅಂತ ಹುಡುಕಿದರೆ ಆ ನೂರು ಪುಟಗಳಲ್ಲಿ ಒಂದೂ ಸಿಗುವುದಿಲ್ಲ.

ದಾರಿ ಒಂದೇ, ಯುನಿಕೋಡ್. ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ, ಜಗತ್ತೆಲ್ಲ ಒಪ್ಪಿದ ಪದ್ಧತಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಅದರಲ್ಲಿತ್ತು. ನಾವು ತಲುಪಿದ್ದು ತಡ. ಹಳೆಯ ಫೈಲುಗಳಿಗೆ ಪರಿವರ್ತಕಗಳಿವೆ. ಕನ್ನಡದ ಹುಡುಗರು ಆಸಕ್ತಿಯಿಂದ ಮಾಡಿ ಉಚಿತವಾಗಿ ಕೊಟ್ಟವೂ ಇವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ. ತಪ್ಪು ಉಳಿಯುವುದು ಅಲ್ಲೇ.

ಇನ್ನೊಂದು ಸಂಗತಿ ಫೈಲಿನ ಹೆಸರು. ಕನ್ನಡದಲ್ಲೇ ಹೆಸರಿಡಿ, ನನ್ನ ಅಭ್ಯಂತರವೇನಿಲ್ಲ. ಉದ್ದ ಮಾತ್ರ ಬೇಡ. ಆಂಡ್ರಾಯ್ಡ್ ಫೋನಿನಲ್ಲಿ, ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗದ ಅಳತೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. 'ಕನ್ನಡ' ಅನ್ನುವ ಪದ ನಮಗೆ ಮೂರಕ್ಷರ. ಯಂತ್ರಕ್ಕೆ ಕ, ನ, ಒಂದು ಹಲಂತ, ಮತ್ತೆ ನ, ಡ. ಐದು ಸಂಕೇತ, 15 ಬೈಟ್. ಒಟ್ಟು 85 ಸಂಕೇತ ಸಿಗುತ್ತದೆ ಅಷ್ಟೇ. ವಿಂಡೋಸಿನ ಲೆಕ್ಕ ಬೇರೆ, ಅಲ್ಲಿ 255 ಸಂಕೇತದವರೆಗೂ ನಡೆಯುತ್ತದೆ. ಹಾಗಾಗಿ ಪಿಎಚ್‌ಡಿ ಪ್ರಬಂಧದ ಪೂರ್ತಿ ಶೀರ್ಷಿಕೆಯನ್ನೇ ಫೈಲಿನ ಹೆಸರು ಮಾಡಿದರೆ ವಿಂಡೋಸ್ ಒಪ್ಪಿಕೊಳ್ಳುತ್ತದೆ, ಫೋನ್ ಒಪ್ಪುವುದಿಲ್ಲ. ಆ ಒಂದು ಫೈಲ್ ಮಾತ್ರ ಯಾಕೆ ಬರುತ್ತಿಲ್ಲ ಅಂತ ನೀವು ದಿನವಿಡೀ ಹುಡುಕುತ್ತಿರುತ್ತೀರಿ.

ಇದಕ್ಕಿಂತ ವಿಚಿತ್ರವಾದದ್ದು ದೀರ್ಘಗಳ ಆಟ. 'ಕೋಲಾರ' ಬರೆಯಿರಿ. 'ಕೋ'ದಲ್ಲಿನ ಓ ಸ್ವರಕ್ಕೆ ಯುನಿಕೋಡಿನಲ್ಲಿ ಒಂದೇ ಸಂಕೇತ ಇದೆ. ಅದನ್ನೇ ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರಾಗಿ ಬಿಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮೊದಲನೆಯದು ಐದು ಸಂಕೇತದ ಹೆಸರು, ಎರಡನೆಯದು ಏಳು. 2017ರ ಮೊದಲಿನ ಮ್ಯಾಕ್ ಕಂಪ್ಯೂಟರುಗಳು ಹೆಸರನ್ನು ಬಿಡಿಸಿ ಇಡುತ್ತಿದ್ದವು. ಅಲ್ಲಿಂದ ಬಂದ 'ಕೋಲಾರ ಶಾಸನಗಳು' ಫೋಲ್ಡರ್, ವಿಂಡೋಸಿನಲ್ಲಿ ನೀವು ಮಾಡಿದ 'ಕೋಲಾರ ಶಾಸನಗಳು' ಫೋಲ್ಡರಿನ ಪಕ್ಕದಲ್ಲೇ ಅವಳಿಯಂತೆ ಕೂರಬಹುದು. ಒಂದೇ ಹೆಸರಿನ ಎರಡು ಫೋಲ್ಡರ್ ಕಂಡರೆ ಕಾರಣ ಇದಿರಬಹುದು. ಕೈಯಾರೆ ಒಂದರೊಳಗಿನದನ್ನು ಇನ್ನೊಂದಕ್ಕೆ ಹಾಕಿ ಖಾಲಿಯಾದದ್ದನ್ನು ತೆಗೆದುಬಿಡಿ.

ಹೆಸರಿನ ಮೊದಲಿಗೆ ದಿನಾಂಕ ಇಡುವುದು ಒಳ್ಳೆಯ ಅಭ್ಯಾಸ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ: 2025-03-08 ಅಂತ. ತಾನಾಗೇ ಸಾಲಾಗಿ ನಿಲ್ಲುತ್ತವೆ. ಅಂಕಿ ಕನ್ನಡದ್ದಾದರೂ ಸರಿ, ಈ ಅಂಕಿಯಾದರೂ ಸರಿ. ಎರಡನ್ನೂ ಬೆರೆಸಿದರೆ ಒಂದೇ ವರ್ಷದ ಫೈಲುಗಳು ಎರಡು ಕಡೆ ಹಂಚಿಹೋಗಬಹುದು.

ಬೈದದ್ದು ಸಾಕು, ಉಪಕಾರದ ಮಾತೂ ಇದೆ. ಹಳೆಯ ಪುಸ್ತಕದ ಪುಟದ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ. ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಚಿತ್ರದ ಕೆಳಗೆ ಅದರ ಕನ್ನಡ ಪಠ್ಯ ಬಂದಿರುತ್ತದೆ. ಅಚ್ಚು ಚೆನ್ನಾಗಿದ್ದರೆ ಅಚ್ಚರಿಪಡುವಷ್ಟು ಸರಿಯಾಗಿರುತ್ತದೆ. ಕೈಬರಹಕ್ಕೆ ಅಷ್ಟು ನಂಬಿಕೆ ಇಡಬೇಡಿ. ಇನ್ನು ಮಾತಾಡಿ ಬರೆಸುವುದು. 2017ರಿಂದ ಗೂಗಲ್ ಕೀಬೋರ್ಡಿಗೆ ಕನ್ನಡ ಕೇಳಿಸುತ್ತದೆ. ಹಿರಿಯರು ಹೇಳಿದ ಕಥೆಯನ್ನು ನೀವು ಮತ್ತೆ ಬಾಯಲ್ಲಿ ಹೇಳಿ ಟಿಪ್ಪಣಿ ಮಾಡಿಕೊಳ್ಳಬಹುದು. ಸುಮ್ನೆ ಒಮ್ಮೆ ಪ್ರಯತ್ನಿಸಿ ನೋಡಿ. ಆಡುಮಾತಿನ ರೂಪಗಳಿಗೆ ತಡವರಿಸುತ್ತದೆ, ಆಮೇಲೆ ತಿದ್ದಿಕೊಳ್ಳಬೇಕು.

ಫೋನಿನ ಬಗ್ಗೆ ಎರಡು ಮಾತು. ಕಂಪ್ಯೂಟರಿನಲ್ಲಿ ಇಡೀ ಫೋಲ್ಡರ್ ಸಿಂಕ್ ಆಗುವ ಹಾಗೆ ಫೋನಿನ ಡ್ರೈವ್ ಆ್ಯಪಿನಲ್ಲಿ ಆಗುವುದಿಲ್ಲ. ಅಲ್ಲಿ ಕಾಣುವುದು ಪಟ್ಟಿ. ಒತ್ತಿದಾಗ ಫೈಲ್ ಇಳಿಯುತ್ತದೆ. ಬೇಕಾದ ಫೈಲನ್ನು ಮೊದಲೇ 'ಆಫ್‌ಲೈನ್' ಮಾಡಿಕೊಳ್ಳದಿದ್ದರೆ ಸಿಗ್ನಲ್ ಇಲ್ಲದ ಊರಲ್ಲಿ ಕೈ ಖಾಲಿ. ಜೊತೆಗೆ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನುಗಳು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತವೆ. ಟಿಪ್ಪಣಿ ಆ್ಯಪನ್ನು ಆ ಪಟ್ಟಿಯಿಂದ ಹೊರಗಿಡಿ.

ಕ್ಲೌಡೇ ಬೇಡ ಅನ್ನುವವರಿಗೆ ಸಿಂಕ್‌ತಿಂಗ್ ಇದೆ. ನಡುವೆ ಯಾವ ಕಂಪನಿಯಲ್ಲೂ ಫೈಲು ಉಳಿಯುವುದಿಲ್ಲ, ಫೋನೂ ಕಂಪ್ಯೂಟರೂ ನೇರ ಮಾತಾಡಿಕೊಳ್ಳುತ್ತವೆ. ಎರಡೂ ಒಂದೇ ಹೊತ್ತಿಗೆ ಆನ್ ಇರಬೇಕು ಅನ್ನುವುದೇ ಷರತ್ತು. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿಗೆ ನಿಂತಿತು. ಬೇರೆಯವರು ಅದರ ಕವಲೊಂದನ್ನು ನಡೆಸುತ್ತಿದ್ದಾರೆ. ಆ್ಯಪ್ ನಿಂತರೂ ಯಾರ ಫೈಲೂ ಹೋಗಲಿಲ್ಲ. ಫೈಲು ಅವರವರ ಫೋಲ್ಡರಿನಲ್ಲೇ ಇತ್ತಲ್ಲ.

ಮಾತು ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: "ನಾವು ಬರೆದದ್ದನ್ನು ಅವರು ಓದಲ್ವಾ ಸರ್? ಮತ್ತೆ ನಾನು ಹೋದ ಮೇಲೆ ಇದೆಲ್ಲ ಯಾರಿಗೆ?"

ಸರ್, ಗೂಗಲ್ಲಿನಂಥ ಕಡೆ ಫೈಲಿಗೆ ಬೀಗ ಇರುತ್ತದೆ, ಆದರೆ ಸಾಮಾನ್ಯವಾಗಿ ಬೀಗದ ಕೈಯೂ ಅವರಲ್ಲೇ ಇರುತ್ತದೆ. ಬೇರೆಯವರ ಖಾಸಗಿ ಮಾತು ಇರುವ ಸಂದರ್ಶನ, ಆಸ್ತಿ ಪತ್ರ ಇಂಥವಕ್ಕೆ ಕ್ರಿಪ್ಟೊಮೇಟರ್ ಬಳಸಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿ ಆಮೇಲೆ ಕ್ಲೌಡಿಗೆ ಕಳಿಸುತ್ತದೆ. ಪಾಸ್‌ವರ್ಡ್ ಮರೆತರೆ ಮತ್ತು ಅದು ಕೊಡುವ ರಿಕವರಿ ಕೀ ಬರೆದಿಟ್ಟುಕೊಳ್ಳದಿದ್ದರೆ ಬ್ರಹ್ಮ ಬಂದರೂ ತೆರೆಯುವುದಿಲ್ಲ. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ. ಆಗ ಸಿಗುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಫೋನ್ ಕಳೆದರೆ ಒಳಗೆ ಹೋಗಲು ಅದೇ ಗತಿ. ಎರಡನೆಯ ಪ್ರಶ್ನೆಗೆ ಗೂಗಲ್ಲಿನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಇದೆ. ಇಷ್ಟು ತಿಂಗಳು ನಾನು ಬರದಿದ್ದರೆ ಇಂಥವರಿಗೆ ಇಂಥದ್ದನ್ನು ಕೊಡಿ ಅಂತ ಬರೆದಿಡಬಹುದು. ಆಪಲ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್'. ಏನೂ ಮಾಡದೆ ಎರಡು ವರ್ಷ ಖಾತೆ ಮುಟ್ಟದಿದ್ದರೆ ಗೂಗಲ್ ಅದನ್ನು ಅಳಿಸಬಹುದು. 2023ರ ಡಿಸೆಂಬರಿನಿಂದ ಆ ನಿಯಮ ಜಾರಿಯಲ್ಲಿದೆ. ಹಳೆಯ ಎರಡನೇ ಜಿಮೇಲಿನಲ್ಲಿ ಏನಾದರೂ ಇಟ್ಟಿದ್ದರೆ ಮನೆಗೆ ಹೋಗಿ ಒಮ್ಮೆ ಲಾಗಿನ್ ಆಗಿ.

ಕೊನೆಗೆ ಒಬ್ಬರು ಮೇಡಂ: "ನನ್ನ ಹತ್ರ ಹಳೇ ಪೆನ್‌ಡ್ರೈವ್ ತುಂಬಾ ನುಡಿ ಫೈಲುಗಳಿವೆ. ಜಾನಪದ ಗೀತೆಗಳು. ಎಲ್ಲಿಂದ ಶುರು ಮಾಡ್ಲಿ?"

ಮೊದಲು ಏನನ್ನೂ ತಿದ್ದಬೇಡಿ ಮೇಡಂ. ಪೆನ್‌ಡ್ರೈವ್ ಇದ್ದ ಹಾಗೇ ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡಿ, 'ಮೂಲ' ಅಂತ ಹೆಸರಿಡಿ. ಅದನ್ನು ಇನ್ನೊಂದು ಹಾರ್ಡ್‌ಡಿಸ್ಕಿಗೂ ಹಾಕಿ. ಅದನ್ನು ಮತ್ತೆ ಮುಟ್ಟುವುದಿಲ್ಲ. ಆಮೇಲೆ ಇನ್ನೊಂದು ಕಾಪಿಯಿಂದ ಒಂದೊಂದೇ ಫೈಲನ್ನು ಯುನಿಕೋಡಿಗೆ ಬದಲಿಸಿ ಟೆಕ್ಸ್ಟ್ ಆಗಿ ಉಳಿಸಿ. ಹಾಡಿದವರ ಹೆಸರು, ಊರು, ಹಾಡಿಸಿದ ವರ್ಷ ಮೊದಲ ಮೂರು ಸಾಲಿನಲ್ಲಿ ಬರಲಿ. ಆ ಫೋಲ್ಡರನ್ನು ಮಾತ್ರ ಸಿಂಕಿಗೆ ಹಾಕಿ. ದಿನಕ್ಕೆ ಐದು ಗೀತೆ ಆದರೂ ಸಾಕು, ಅವಸರ ಬೇಡ. ಪೆನ್‌ಡ್ರೈವ್ ಮಾತ್ರ ಇವತ್ತೇ ಕಾಪಿ ಆಗಲಿ. ಚೀಲದಲ್ಲೇ ಇದೆಯಾ? ಕೊಡಿ, ಈಗಲೇ ಮಾಡೋಣ.